ಸಂಪಾದಕರ ಉತ್ತರ: ಟ್ರೈಬ್‌ನ ಕೊನೆಯ ಆಲ್ಬಮ್, ನಿಮ್ಮ ಮುತ್ಯಾನ ದನಿ

ಸೇಡಂ ಕಡೆಯ ಓದುಗರೊಬ್ಬರು ಕಲಬುರಗಿಯ ಹಾಸ್ಟೆಲ್‌ನಿಂದ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅವರ ರೂಮಿನಲ್ಲಿ ನಾಲ್ವರು ಹುಡುಗರು. ನ್ಯೂಯಾರ್ಕಿನ ಹಳೆಯ ಹಿಪ್‌ಹಾಪ್ ತಂಡ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ಅಂದರೆ ನಾಲ್ವರಿಗೂ ಜೀವ. ಆದರೆ 1993ರ ನಂತರ ಆ ತಂಡ ಮಾಡಿದ್ದೆಲ್ಲ ಸಪ್ಪೆ ಅಂತ ಇವರೂ ಸೇರಿ ಮೂವರ ವಾದ. 2016ರ ಕೊನೆಯ ಆಲ್ಬಮನ್ನು ಹೊಗಳುವವರು ಸತ್ತುಹೋದ ಗಾಯಕನ ಮೇಲಿನ ಕನಿಕರಕ್ಕೆ ಹೊಗಳುತ್ತಾರಂತೆ. ನಾಲ್ಕನೆಯವನು ಇದನ್ನು ಒಪ್ಪುತ್ತಿಲ್ಲ. ಎರಡು ವಾರದಿಂದ ಜಗಳ ನಡೆದಿದೆ. “ಸರ್, ರ‍್ಯಾಪ್ ಅನ್ನುವುದು ಹುಡುಗರ ಆಟ. ವಯಸ್ಸಾದವರು ಸುಮ್ನೆ ಬಿಟ್ಟುಬಿಡಬೇಕು ಅಲ್ವಾ? ನೀವೇ ತೀರ್ಪು ಕೊಡಿ” ಅಂತ ಮುಗಿಸಿದ್ದಾರೆ. ಸಹಿಯ ಕೆಳಗೆ ಇನ್ನೊಂದು ಮಾತು ಇದೆ: “ನಮ್ಮ ಮುತ್ಯಾ ಮೊಹರಂ ಪದ ಹಾಡುತ್ತಿದ್ದರು. ಈಗ ದನಿ ಹೋಗಿದೆ.”

ಆ ಕೊನೆಯ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಕಡೆಯ ನ್ಯಾಯ. ತಂಡದ 1998ರ ಆಲ್ಬಮ್ ‘ದ ಲವ್ ಮೂವ್‌ಮೆಂಟ್’ ಕೇಳುವಾಗ ದಣಿವು ಗೊತ್ತಾಗುತ್ತದೆ. ತಂಡದ ಗಾಯಕರು, ಬಾಲ್ಯದ ಗೆಳೆಯರಾದ ಕ್ಯೂ-ಟಿಪ್ ಮತ್ತು ಫೈಫ್ (ನೀವು ಹೇಳುವ ಸತ್ತುಹೋದ ಗಾಯಕ ಇವರೇ) ನಡುವೆ ಮನಸ್ತಾಪ ಬೆಳೆದಿತ್ತು. ಅದೇ ವರ್ಷ ತಂಡ ಒಡೆಯಿತು. 1991ರ ಆಲ್ಬಮ್ ‘ದ ಲೋ ಎಂಡ್ ಥಿಯರಿ’ಗೆ ಜಾಝ್‌ನ ದೊಡ್ಡ ಬಾಸ್ ವಾದಕ ರಾನ್ ಕಾರ್ಟರ್ ಬಂದು ಒಂದು ಹಾಡಿಗೆ ನುಡಿಸಿದ್ದರು. ಅಂಥ ಹುಮ್ಮಸ್ಸಿನ ದಿನಗಳು ದಿನಾ ಬರುವುದಿಲ್ಲ. ಇದನ್ನು ಒಪ್ಪುತ್ತೇನೆ.

ಇನ್ನು ನನ್ನ ಮಾತು ಕೇಳಿ. 1993ಕ್ಕೆ ಗೆರೆ ಎಳೆದಿದ್ದೀರಿ. ಈ ತಂಡದ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು ಎರಡೇ ಸಲ, 1996ರಲ್ಲಿ ಒಮ್ಮೆ, 2016ರಲ್ಲಿ ಒಮ್ಮೆ. ಎರಡೂ ನಿಮ್ಮ ಗೆರೆಯ ಆಚೆ. ಮಾರಾಟ ಜಾಸ್ತಿ ಆದದ್ದೆಲ್ಲ ಒಳ್ಳೆಯದಲ್ಲ, ಅದು ನನಗೂ ಗೊತ್ತು. ಆದರೆ 1996ರ ಆಲ್ಬಮ್‌ಗೆ ಬೀಟ್, ಅಂದರೆ ಹಾಡಿನ ತಾಳದ ಹಂದರ, ಕಟ್ಟಿದವರಲ್ಲಿ ಡೆಟ್ರಾಯಿಟ್‌ನ ಜೆ ಡಿಲ್ಲಾ ಇದ್ದರು. ಆಗ ಅವರಿಗೆ 22 ವರ್ಷ. ತಾಳವನ್ನು ಒಂದು ಕೂದಲೆಳೆ ಹಿಂದೆ ಸರಿಸಿ ಕೂರಿಸುವ ಅವರ ರೀತಿಯನ್ನು ಆಮೇಲೆ ಎಷ್ಟೋ ಜನ ಕಲಿತರು. ನಿಮ್ಮ ರೂಮಿನಲ್ಲಿ ಈಗ ರಾತ್ರಿ ಓದುವಾಗ ಹಾಕಿಕೊಳ್ಳುವ ಮೆತ್ತನೆಯ ಬೀಟ್‌ಗಳಿವೆಯಲ್ಲ, ಅವುಗಳ ಬೇರು ಅಲ್ಲಿದೆ. ಅದನ್ನು ಸಪ್ಪೆ ಅನ್ನುವ ಮೊದಲು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ.

ಕನಿಕರದ ಮಾತು ಮಾತ್ರ ನನಗೆ ಚುಚ್ಚಿತು. 2016ರ ಆ ಆಲ್ಬಮ್ ಹೇಗೆ ಆಯಿತು ಅಂತ ನಿಮ್ಮ ಗೆಳೆಯರಿಗೆ ಗೊತ್ತಿದೆಯೋ ಇಲ್ಲವೋ. ಫೈಫ್‌ಗೆ ಸಕ್ಕರೆ ಕಾಯಿಲೆ ಇತ್ತು. 1993ರಲ್ಲೇ ಒಂದು ಹಾಡಿನಲ್ಲಿ ತನ್ನನ್ನು ‘ಫಂಕಿ ಡಯಾಬೆಟಿಕ್’ ಅಂತ ಕರೆದುಕೊಂಡವರು. 2008ರಲ್ಲಿ ಹೆಂಡತಿ ತನ್ನ ಮೂತ್ರಪಿಂಡ ಕೊಟ್ಟು ಉಳಿಸಿಕೊಂಡರು. 2015ರ ನವೆಂಬರ್ 13ರಂದು ಮೊದಲ ಆಲ್ಬಮ್‌ನ 25 ವರ್ಷದ ನೆನಪಿಗೆ ತಂಡ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಮತ್ತೆ ಒಟ್ಟಿಗೆ ಹಾಡಿತು. ಪ್ಯಾರಿಸ್‌ನಲ್ಲಿ ಗುಂಡಿನ ದಾಳಿ ನಡೆದ ರಾತ್ರಿ ಅದು. ಅವತ್ತೇ ಇನ್ನೊಂದು ಆಲ್ಬಮ್ ಮಾಡೋಣ ಅಂತ ನಿರ್ಧಾರವಾಯಿತು. ಫೈಫ್ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ, ಕ್ಯೂ-ಟಿಪ್ ಮನೆಯ ಸ್ಟುಡಿಯೋ ಇದ್ದದ್ದು ದೇಶದ ಇನ್ನೊಂದು ತುದಿ ನ್ಯೂಜೆರ್ಸಿಯಲ್ಲಿ. ಹಾಡಿದ್ದನ್ನು ಇ-ಮೇಲ್‌ನಲ್ಲಿ ಕಳಿಸುವುದು ಬೇಡ, ಒಂದೇ ಕೋಣೆಯಲ್ಲಿ ಕೂತು ಹಾಡಬೇಕು ಅಂತ ಕಟ್ಟು ಹಾಕಿಕೊಂಡಿದ್ದರು. ಆ ಕಾಯಿಲೆ ಇಟ್ಟುಕೊಂಡು ಅವರು ವಿಮಾನ ಹತ್ತಿ ಬಂದು ಹೋಗಿ ಮಾಡಿದರು. 2016ರ ಮಾರ್ಚ್ 22ರಂದು ತೀರಿಕೊಂಡಾಗ ಅವರಿಗೆ 45 ವರ್ಷ. ಉಳಿದವರು ಕೆಲಸ ಮುಗಿಸಿ ನವೆಂಬರ್ 11ಕ್ಕೆ ಆಲ್ಬಮ್ ಹೊರತಂದರು.

ಈಗ ‘ವಿ ದ ಪೀಪಲ್’ ಹಾಕಿ. ಕಪ್ಪು ಜನ, ಮೆಕ್ಸಿಕೋದವರು, ಬಡವರು, ಮುಸ್ಲಿಮರು ಎಲ್ಲ ಹೊರಡಿ ಅನ್ನುವವರ ದನಿಯನ್ನೇ ಪಲ್ಲವಿ ಮಾಡಿಕೊಂಡ ಹಾಡು. ಅಮೆರಿಕದ ಚುನಾವಣೆ ಮುಗಿದು ಮೂರು ದಿನಕ್ಕೆ ಬಂದ ಆಲ್ಬಮ್ ಇದು, ಹಾಡು ಕಟ್ಟಿದ್ದು ಅದಕ್ಕೂ ಮೊದಲು. ಫೈಫ್ ಬರುವ ಜಾಗಕ್ಕೆ ಕಿವಿ ಇಡಿ. ಹೆಣ್ಣಿಗೂ ಸಮಪಾಲು ಇರುವ ಲೋಕದ ಕನಸು ಅಂತ ಎತ್ತಿಕೊಳ್ಳುತ್ತಾರೆ, ಅದೇ ಉಸಿರಿನಲ್ಲಿ ಫುಟ್‌ಬಾಲ್ ಆಟಗಾರನೊಬ್ಬ ಚೆಂಡು ದಾಟಿಸುವ ಮಾತಿಗೆ ಹೊರಳುತ್ತಾರೆ. ದೊಡ್ಡ ಮಾತು ಆಡಿ ಬೀಗಲಿಲ್ಲ. ಕಟ್ಟೆ ಮೇಲೆ ಕೂತ ಗೆಳೆಯ ಮಾತಾಡಿದ ಹಾಗೆ ಇದೆ. ಕಾಯಿಲೆಯ ಮನುಷ್ಯ ಕನಿಕರ ಕೇಳುವ ಜಾಗ ನನಗೆ ಅಲ್ಲಿ ಎಲ್ಲೂ ಸಿಗಲಿಲ್ಲ. ಕನಿಕರ ತಂದವರು ನಿಮ್ಮ ಗೆಳೆಯರು, ಫೈಫ್ ಅಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಫೈಫ್ ಚುರುಕಾಗಿದ್ದರು, ತಮಾಷೆಯಾಗಿದ್ದರು. ಆದರೆ ಇಷ್ಟು ಹಗುರವಾಗಿ ಇಷ್ಟು ಭಾರದ ಮಾತು ಹೇಳಲು ಆಗ ಬರುತ್ತಿರಲಿಲ್ಲ.

ರ‍್ಯಾಪ್ ಹುಡುಗರ ಆಟ ಅಂದಿರಿ. ಗಂಗೂಬಾಯಿ ಹಾನಗಲ್ ಅವರ ಮೊದಲ ರೆಕಾರ್ಡುಗಳನ್ನು ಕೇಳಿದ್ದೀರಾ? ಸಣ್ಣ, ಏರು ದನಿ. ಬೇರೆ ಯಾರೋ ಹಾಡುತ್ತಿದ್ದಾರೆ ಅನ್ನಿಸುತ್ತದೆ. ಗಂಟಲಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ದನಿ ದಪ್ಪವಾಯಿತು. ಇವತ್ತು ಗಂಗೂಬಾಯಿ ಅಂದಾಗ ನಮ್ಮ ಕಿವಿಗೆ ಬರುವುದು ಆ ದಪ್ಪ ದನಿಯೇ. ಅವತ್ತು ಯಾರಾದರೂ “ಅಮ್ಮಾ, ನಿಮ್ಮ ದನಿ ಹೋಯಿತು, ಇನ್ನು ಸಾಕು” ಅಂದು ಅವರೂ ಅದನ್ನು ಕೇಳಿದ್ದರೆ? ನಮ್ಮ ಊರಿನ ಮಾತೇ ತಗೊಳ್ಳಿ. ಸೂಫಿ ಸಂತ ಖ್ವಾಜಾ ಬಂದೇ ನವಾಜರು ದಿಲ್ಲಿ ಬಿಟ್ಟು ಕಲಬುರಗಿಗೆ ಬಂದು ನೆಲೆಸಿದಾಗ ಅವರಿಗೆ ಎಂಬತ್ತರ ಆಸುಪಾಸು ವಯಸ್ಸು. ಆಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇಲ್ಲಿ ಪಾಠ ಹೇಳಿದರು. ಈ ಊರು ಆರುನೂರು ವರ್ಷದಿಂದ ನೆನೆಯುತ್ತಿರುವುದು ಅವರ ಆ ಕೊನೆಯ ಕಾಲವನ್ನು.

ಇಷ್ಟೆಲ್ಲ ಯಾಕೆ ಬಿಸಿಯಾಗಿ ಬರೆಯುತ್ತಿದ್ದೇನೆ ಅಂತ ಹೇಳಬೇಕು. ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯ ಜಾತ್ರೆಯಲ್ಲಿ ರಾತ್ರಿ ಗೀಗೀ ಪದ ಇತ್ತು. ಹರದೇಶಿ–ನಾಗೇಶಿ. ನಿಮಗೆ ಗೊತ್ತಿರಬೇಕು, ಹರದೇಶಿಯವರು ಗಂಡಿನ ಪರ, ನಾಗೇಶಿಯವರು ಹೆಣ್ಣಿನ ಪರ. ಒಬ್ಬರು ಪದದಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಬೆಳಗಿನವರೆಗೂ ನಡೆಯುತ್ತದೆ. ನೀವು ಮೊಬೈಲಿನಲ್ಲಿ ನೋಡುವ ರ‍್ಯಾಪ್ ಬ್ಯಾಟಲ್ ಅದೇ ಜಾತಿಯದು. ಹರದೇಶಿ ಮೇಳದಲ್ಲಿ ಮೂವತ್ತರ ಒಬ್ಬ ಹಾಡುಗಾರ ಇದ್ದ, ಕಂಚಿನ ದನಿ. ನಾಗೇಶಿ ಕಡೆ ಎಪ್ಪತ್ತು ದಾಟಿದ ಒಬ್ಬ ಆಯಿ. ನನ್ನ ಹತ್ತಿರ ಟೇಪ್ ರೆಕಾರ್ಡರ್ ಇತ್ತು, ಎರಡೇ ಕ್ಯಾಸೆಟ್ ಇದ್ದವು. ಆ ಹುಡುಗನನ್ನು ಪೂರ್ತಿ ರೆಕಾರ್ಡ್ ಮಾಡಿಕೊಂಡೆ. ಆಯಿ ಎದ್ದು ನಿಂತಾಗ ಟೇಪ್ ಉಳಿಯಲಿ ಅಂತ ಬಂದ್ ಮಾಡಿದೆ.

ಆಯಿಗೆ ಮುಂದಿನ ಹಲ್ಲು ಇರಲಿಲ್ಲ. ‘ಸ’ ಬಂದಲ್ಲಿ ಗಾಳಿ ಹೋಗುತ್ತಿತ್ತು. ಮೊದಲ ನುಡಿಗೇ ಇದನ್ನು ಗಮನಿಸಿದೆ. ಎರಡನೆಯ ನುಡಿಯ ಹೊತ್ತಿಗೆ ಇನ್ನೊಂದು ಗಮನಕ್ಕೆ ಬಂತು. ಆಕೆ ‘ಸ’ ಇರುವ ಮಾತುಗಳನ್ನೇ ಬಿಟ್ಟು ಬೇರೆ ಮಾತು ಹುಡುಕಿ, ನಿಂತ ನಿಲುವಿನಲ್ಲಿ ಪದ ಕಟ್ಟುತ್ತಿದ್ದಳು. ಹುಡುಗ ಒಂದು ಕಟುವಾದ ಸವಾಲು ಹಾಕಿದ. ಹೆಣ್ಣು ಹಡೆದರೆ ಏನಾಯಿತು, ಬೀಜ ಯಾರದು ಅನ್ನುವ ಅರ್ಥದ್ದು. ಜನ ಹೋ ಅಂದರು. ಆಯಿ ಬಾಯಿ ತೆರೆಯಲಿಲ್ಲ. ದಪ್ಪು ಬಡಿಯುವವನು ಆಕೆಯ ಮುಖ ನೋಡಿದ. ಆಕೆ ಕೈಯಲ್ಲೇ ನಡೆಸು ಅಂದಳು. ತುಂತುಣಿ ಒಂದೇ ಸಮನೆ ನಡೆದಿತ್ತು. ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು. ಸೋತಳು ಅಂತ ಜನ ಪಿಸುಗುಟ್ಟತೊಡಗಿದರು. ಆಗ ಎತ್ತಿಕೊಂಡಳು, ಕೂಗದೆ, ಮಗನಿಗೆ ಬುದ್ಧಿ ಹೇಳುವ ದನಿಯಲ್ಲಿ. ಭೂಮಿ ಕೇಳದೆ ಬೀಜ ಎಲ್ಲಿ ಬಿದ್ದರೂ ಕಾಳೇ ಅಂತ. ಆ ಹುಡುಗ ತಾನೇ ಬಂದು ಕಾಲಿಗೆ ಬಿದ್ದ.

ಆ ಎರಡು ಸುತ್ತಿನ ಮೌನ ಹುಡುಗನ ಕೈಲಿ ಆಗುವ ಕೆಲಸ ಅಲ್ಲ. ಅದಕ್ಕೆ ಐವತ್ತು ವರ್ಷ ಹಾಡಿರಬೇಕು. ನನ್ನ ಟೇಪಿನಲ್ಲಿ ಅದು ಇಲ್ಲ. ಮತ್ತೆ ಮೂರು ವರ್ಷ ಬಿಟ್ಟು ಆ ಊರಿಗೆ ಹೋದಾಗ ಆಯಿ ತೀರಿಕೊಂಡಿದ್ದಳು. ಹುಡುಗನ ಕ್ಯಾಸೆಟ್ ಈಗಲೂ ನನ್ನ ಕಪಾಟಿನಲ್ಲಿದೆ. ತೆಗೆದು ಕೇಳಲು ಮನಸ್ಸಾಗುವುದಿಲ್ಲ.

ಟ್ರೈಬ್ ತಂಡದವರಿಗೆ ಒಂದು ಭಾಗ್ಯ ಇತ್ತು. ಅವರ ಕೊನೆಯ ಹಾಡುಗಳು ದಾಖಲಾದವು, ಅದಕ್ಕೇ ನೀವು ನಾಲ್ವರು ಹಾಸ್ಟೆಲ್‌ನಲ್ಲಿ ಕೂತು ಚೆನ್ನಾಗಿವೆಯೋ ಇಲ್ಲವೋ ಅಂತ ಜಗಳ ಆಡಬಹುದು. ನಮ್ಮ ಕಡೆಯವರ ಬಗ್ಗೆ ಜಗಳ ಆಡಲಿಕ್ಕೂ ಏನೂ ಉಳಿದಿಲ್ಲ. ಇಲ್ಲಿನ ಉತ್ಸವಗಳನ್ನು ನೋಡಿ. ಮುದುಕರಿಗೆ ಶಾಲು, ಹುಡುಗರಿಗೆ ಮೈಕು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಜೀವಮಾನ ಹಾಡಿದ ಭಜನಾ ಮೇಳವೊಂದನ್ನು ಒಂದು ಸಮಾರಂಭಕ್ಕೆ ಕರೆಸಿ, ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಕೂರಿಸಿ, ಕೊನೆಗೆ ಗಣ್ಯರು ಎದ್ದು ಹೋಗುವಾಗ ಒಂದೇ ಒಂದು ಪದ ಹಾಡಿಸಿದ್ದನ್ನು ನಾನೇ ಕಂಡಿದ್ದೇನೆ. ಕುರ್ಚಿ ಎತ್ತುವ ಸದ್ದಿನಲ್ಲಿ ಏಕತಾರಿ ಕೇಳಿಸಲಿಲ್ಲ. ಸಂಘಟಕರಲ್ಲಿ ಒಬ್ಬರು ನನ್ನ ಕಿವಿಯಲ್ಲಿ “ಪಾಪ, ವಯಸ್ಸಾಗಿದೆ” ಅಂದರು. ಇದೇ ಕನಿಕರ ನಿಮ್ಮ ಕಾಗದದಲ್ಲೂ ಕಂಡಿತು, ಅದಕ್ಕೇ ಸ್ವಲ್ಪ ಜೋರಾಗಿ ಬರೆದೆ. ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕು ಪುಟ ಕೈಯಲ್ಲಿ ಬರೆದು ಕಳಿಸುವ ಓದುಗರು ನನಗೆ ಎಷ್ಟು ಜನ ಇದ್ದಾರೆ?

ನಿಮ್ಮ ರೂಮಿನ ನಾಲ್ಕನೆಯ ಗೆಳೆಯನಿಗೆ ನನ್ನ ನಮಸ್ಕಾರ ತಿಳಿಸಿ. ಆಲ್ಬಮ್‌ನಲ್ಲಿ 16 ಹಾಡುಗಳಿವೆ, ಒಂದು ಗಂಟೆ ಸಾಕು. ಫೋನ್ ದೂರ ಇಟ್ಟು, ಮೊದಲಿನಿಂದ ಕೊನೆಯವರೆಗೆ, ನಡುವೆ ಯಾವುದನ್ನೂ ಹಾರಿಸದೆ ನಾಲ್ವರೂ ಒಟ್ಟಿಗೆ ಕೇಳಿ. ಆಮೇಲೂ ಸಪ್ಪೆ ಅನ್ನಿಸಿದರೆ ಇನ್ನೊಂದು ಕಾಗದ ಬರೆಯಿರಿ, ಅಚ್ಚು ಹಾಕುತ್ತೇನೆ.

ಇನ್ನು ನಿಮ್ಮ ಮುತ್ಯಾ. ದನಿ ಹೋಗಿದೆ ಅಂದಿರಿ, ಪದ ಮರೆತಿದ್ದಾರೆ ಅನ್ನಲಿಲ್ಲ. ಈ ಸಲ ಸೇಡಂ ಬಸ್ಸು ಹತ್ತಿದಾಗ ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಿ. ಮುಂಜಾನೆ ಚಹಾ ಕುಡಿದು ಅವರು ಕಟ್ಟೆಗೆ ಬಂದು ಕೂತಾಗ ಪಕ್ಕದಲ್ಲಿ ಕೂರಿ. ಹಾಡು ಅಂತ ಒತ್ತಾಯ ಮಾಡಬೇಡಿ. ನೀವೇ ಒಂದು ಸಾಲು ತಪ್ಪಾಗಿ ಹಾಡಿ, ಅವರು ತಿದ್ದಲಿಕ್ಕೆ ಶುರು ಮಾಡುತ್ತಾರೆ. ಕೆಮ್ಮಿದರೂ, ನಡುವೆ ನಿಂತರೂ, ಸಾಲು ಹುಡುಕುತ್ತ ಸುಮ್ಮನೆ ಕೂತರೂ ರೆಕಾರ್ಡಿಂಗ್ ನಿಲ್ಲಿಸಬೇಡಿ. ಅದರ ಒಂದು ಪ್ರತಿ ನಮ್ಮ ಕಚೇರಿಗೂ ತಂದುಕೊಡಿ. ಭಾನುವಾರ ಬಿಟ್ಟು ಯಾವ ದಿನವಾದರೂ ಹನ್ನೊಂದರ ಮೇಲೆ ನಾನು ಇಲ್ಲೇ ಇರುತ್ತೇನೆ.