ಮೊದಲು ಆ ಫ್ಲೆಕ್ಸ್ ಇಳಿಸಿ

ಅರಸೀಕೆರೆ ಕಡೆಯ ಸೊಸೆಯೊಬ್ಬರ ಪತ್ರ ಓದಿದಾಗಿನಿಂದ ನನಗೆ ಸಿಟ್ಟು ಇಳಿದಿಲ್ಲ. ಅವರ ಮೇಲಲ್ಲ, ಅವರ ಮೈದುನನ ಮೇಲೆ.

ಸಂಗತಿ ಇಷ್ಟು. ಮಾವ ನಿವೃತ್ತ ಹವಾಲ್ದಾರ್. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಊರಿನ ಹುಡುಗರು ಅವರನ್ನು ತೆರೆದ ಜೀಪಲ್ಲಿ ಮೆರವಣಿಗೆ ಮಾಡಿ, ಪೇಟ ತೊಡಿಸಿ, ಶಾಲು ಹೊದಿಸಬೇಕಂತ ಹೊರಟಿದ್ದಾರೆ. ಮುಂದಾಳು ಮೈದುನನೇ. ಮಾವ ಒಲ್ಲೆ ಅಂತ ತೋಟದ ಮನೆ ಸೇರಿದ್ದಾರೆ. ‘ಹೇಗೆ ಒಪ್ಪಿಸೋದು ಮೇಡಂ?’ ಅನ್ನೋದು ಪ್ರಶ್ನೆ.

ಪತ್ರದ ಕೊನೆಗೆ, ಸುಮ್ನೆ ಹೇಳಿದ ಹಾಗೆ, ಇನ್ನೊಂದು ಸಾಲಿದೆ: ‘ಫ್ಲೆಕ್ಸಲ್ಲಿ ಕಾರ್ಗಿಲ್ ವೀರ ಅಂತ ಹಾಕಿಸಿದ್ದಾರೆ. ಮಾವ ಹೋಗಿದ್ದು ಶ್ರೀಲಂಕಾಕ್ಕೆ, 94ರಲ್ಲೇ ರಿಟೈರ್ ಆದ್ರು. ಊರಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ?’

ಅವರು ನೋಡ್ತಾರಮ್ಮ! ಕಾರ್ಗಿಲ್ ಯುದ್ಧ ನಡೆದದ್ದು 1999ರಲ್ಲಿ. ತಾವು ಮಾಡದ ಯುದ್ಧದ ಹಾರಕ್ಕೆ ಅವರು ಕೊರಳು ಕೊಡಬೇಕಾ? ಇದನ್ನು ನೀವು ಸಂಕೋಚ ಅಂದುಕೊಂಡಿದ್ದೀರಿ.

ಅವರು ಮಾಡಿದ ಯುದ್ಧ ಬೇರೆ. 1987ರ ಜುಲೈನಲ್ಲಿ ಒಪ್ಪಂದವಾಗಿ ನಮ್ಮ ಸೇನೆ ಶಾಂತಿ ಕಾಯಲು ಶ್ರೀಲಂಕಾಕ್ಕೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಬಂಡುಕೋರರ ಜೊತೆಗೇ ಹೊಡೆದಾಟ. ಸುಮಾರು 1,200 ಯೋಧರು ಸತ್ತರು. ಉಳಿದವರು 1990ರ ಮಾರ್ಚಲ್ಲಿ ಹಡಗೇರಿ ಮದ್ರಾಸಿಗೆ ಬಂದಿಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೂ ಹೋಗಲಿಲ್ಲ. ಆ ಯುದ್ಧಕ್ಕೆ ವಿಜಯ ದಿವಸವೂ ಇಲ್ಲ, ಅದರ ಮೇಲೆ ಭಾಷಣ ಬಿಗಿಯುವವರೂ ಕಮ್ಮಿ. ಈಗ ನಿಮ್ಮ ಮನೆಯವರೇ ಅದನ್ನು ಅಳಿಸಿ ಮೇಲೆ ಕಾರ್ಗಿಲ್ ಅಂತ ಬರೆಸಿದ್ದಾರೆ.

ಫ್ಲೆಕ್ಸ್ ಬಗ್ಗೆ ನನ್ನ ತಕರಾರು ಈ ಅಂಕಣದ ಓದುಗರಿಗೆ ಹೊಸದಲ್ಲ. 2016ರಲ್ಲೇ ಸರ್ಕಾರ ನಿಷೇಧಿಸಿದ ವಸ್ತು ಅದು. ಸನ್ಮಾನಿತರ ಮುಖ ಒಂದು, ಶುಭ ಕೋರುವವರ ಮುಖ ಹದಿನೆಂಟು. ನಿಮ್ಮ ಮೈದುನ ಗ್ರಾಮ ಪಂಚಾಯಿತಿಗೆ ನಿಲ್ಲುವವರಿದ್ದಾರೆ ಅಂತ ನೀವೇ ಬರೆದಿದ್ದೀರಿ. ಮತ ಬೇಕಿದ್ದರೆ ಚರಂಡಿ ಮಾಡಿಸಲಿ, ಅಪ್ಪನನ್ನು ಯಾಕೆ ಜೀಪ್ ಹತ್ತಿಸ್ತಾರೆ?

ಮಾವನ ಟ್ರಂಕಲ್ಲಿ ಒಂದು ಗ್ರೂಪ್ ಫೋಟೋ ಇದೆ, ಅದರಲ್ಲಿ ಇಬ್ಬರ ತಲೆಯ ಮೇಲೆ ಪೆನ್ನಿನ ಸಣ್ಣ ಗೀಟಿದೆ ಅಂದಿರಿ. ಯಾಕಿರಬಹುದು ಅಂತ ನನಗೊಂದು ಊಹೆ ಇದೆ. ನೀವು ಒಮ್ಮೆಯೂ ಕೇಳಿಲ್ಲ ಅಲ್ವಾ? ದೆಹಲಿಯಲ್ಲಿ, ಇಂಡಿಯಾ ಗೇಟ್ ಪಕ್ಕ, 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಗಿದೆ. ಅಲ್ಲಿನ ಗ್ರಾನೈಟ್ ಗೋಡೆಗಳಲ್ಲಿ ಮಡಿದವರ ಹೆಸರು ಕೆತ್ತಿದ್ದಾರೆ, ಶ್ರೀಲಂಕಾದಲ್ಲಿ ಹೋದವರದ್ದೂ ಇವೆ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಅವರಿಗೆ ಇಷ್ಟವಿದ್ದರೆ ಕರೆದುಕೊಂಡು ಹೋಗಿ, ಇಲ್ಲವಾದರೆ ಬಿಡಿ. ಆ ಮಾತು ಆಮೇಲೆ.

ಈಗ ಮಾಡಬೇಕಾದ್ದು ಒಂದೇ. ಇವತ್ತೇ ಆ ಫ್ಲೆಕ್ಸ್ ಇಳಿಸಬೇಕು, ಮೈದುನನೇ ಇಳಿಸಬೇಕು, ನಿಮ್ಮ ಗಂಡ ಪಕ್ಕದಲ್ಲಿ ನಿಂತು ಇಳಿಸಿಸಲಿ. ಶಾಮಿಯಾನದವನು ಅಡ್ವಾನ್ಸ್ ವಾಪಸ್ ಕೊಡದಿದ್ದರೆ ಹೋಗಲಿ, ಅದು ಮೈದುನನ ಲೆಕ್ಕಕ್ಕೆ.