ಹುಳು ಮನೆಯಲ್ಲಿ 85 ಡಿಗ್ರಿ!

ಪ್ರಶ್ನೆ: ನಮ್ಮ ರೇಷ್ಮೆ ಹುಳು ಮನೆಗೆ ಮಗ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹಾಕಿ, ಡಿಎಸ್18ಬಿ20 ಎಂಬ ಉಷ್ಣತೆ ಅಳೆಯುವ ಸೆನ್ಸರ್ ಜೋಡಿಸಿ, ಥಿಂಗ್‌ಸ್ಪೀಕ್ ಎಂಬ ಇಂಟರ್ನೆಟ್ ಸೇವೆಯಲ್ಲಿ ಗ್ರಾಫ್ ಬರುವ ಹಾಗೆ ಮಾಡಿಕೊಟ್ಟಿದ್ದಾನೆ. ಆಗಾಗ ಗ್ರಾಫ್ ಒಮ್ಮೆಲೇ 85 ಡಿಗ್ರಿಗೆ ಹಾರಿ ಇಳಿಯುತ್ತದೆ. ಉಳಿದ ಹೊತ್ತೂ ಗೋಡೆಯ ಥರ್ಮಾಮೀಟರ್‌ಗಿಂತ 3 ಡಿಗ್ರಿ ಜಾಸ್ತಿ ತೋರಿಸುತ್ತದೆ. ಸೆನ್ಸರ್ ಕೆಟ್ಟಿದೆಯೇ?
– ಓದುಗರೊಬ್ಬರು, ಶಿಡ್ಲಘಟ್ಟ ತಾಲೂಕು

ಉತ್ತರ: ಬಹುಶಃ ಇಲ್ಲ. ಸದ್ಯಕ್ಕೆ ಹೊಸದು ಕೊಳ್ಳಬೇಡಿ. 84 ಅಲ್ಲ, 86 ಅಲ್ಲ, ಸರಿಯಾಗಿ 85 ಅಂತ ಬರುತ್ತಿದೆ ಅಲ್ವಾ? ಈ ಸೆನ್ಸರ್‌ಗೆ ಕರೆಂಟ್ ಬಂದ ಕ್ಷಣ ಅದರೊಳಗೆ ಇರುವ ಸಂಖ್ಯೆಯೇ 85. ಅಳೆಯಲು ಅದಕ್ಕೆ ಮುಕ್ಕಾಲು ಸೆಕೆಂಡ್ ಬೇಕು. ಅಷ್ಟರೊಳಗೆ ಪವರ್ ಕೈಕೊಟ್ಟರೆ ಅಳತೆ ಆಗುವುದಿಲ್ಲ, ಆ 85 ಹಾಗೇ ಹೊರಗೆ ಬರುತ್ತದೆ. ಪೈನಲ್ಲಿ ಸೆನ್ಸರ್‌ನ ಫೈಲ್ ತೆರೆದರೆ ಮೊದಲ ಸಾಲಿನ ಕೊನೆಯಲ್ಲಿ ‘ಯೆಸ್’ (ಓದಿದ್ದು ಸರಿ) ಅಂತಲೇ ಇರುತ್ತದೆ, ಎರಡನೇ ಸಾಲಿನಲ್ಲಿ 85000, ಅಂದರೆ 85 ಡಿಗ್ರಿ. ಹಾಗಾಗಿ ಪ್ರೋಗ್ರಾಮ್‌ಗೆ ಅನುಮಾನವೇ ಬರುವುದಿಲ್ಲ.

ಸೆನ್ಸರ್‌ಗೆ ಕರೆಂಟ್ ಕೊಡುವ ಕೆಂಪು ವೈರ್ ಸಡಿಲ ಇದೆಯಾ ನೋಡಿ. ಬ್ರೆಡ್‌ಬೋರ್ಡ್‌ಗೆ (ವೈರ್ ಚುಚ್ಚುವ ತೂತಿನ ಹಲಗೆ) ಸುಮ್ನೆ ಚುಚ್ಚಿದ್ದರೆ ಬೆಸುಗೆ ಹಾಕಿಸಿ. ಡೇಟಾ ವೈರಿಗೂ 3.3 ವೋಲ್ಟ್‌ಗೂ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಇರಲೇಬೇಕು. ಅದನ್ನು 5 ವೋಲ್ಟ್‌ಗೆ ಕೊಡಬೇಡಿ, ಪೈನ ಪಿನ್ ತಡೆಯುವುದಿಲ್ಲ. 85 ಬಂದರೆ ಬಿಟ್ಟು ಮತ್ತೊಮ್ಮೆ ಓದು ಎಂದು ಪ್ರೋಗ್ರಾಮ್‌ನಲ್ಲಿ ಒಂದು ಸಾಲು ಸೇರಿಸಲು ಮಗನಿಗೆ ಹೇಳಿ. ಹುಳು ಮನೆ ಎಂದೂ 85 ಮುಟ್ಟುವುದಿಲ್ಲವಲ್ಲ!

ಇನ್ನು ಆ 3 ಡಿಗ್ರಿ. ನನಗೆ ಅನುಮಾನ ಇರುವುದು ಸೆನ್ಸರ್ ಮೇಲಲ್ಲ, ಜಾಗದ ಮೇಲೆ. ಪೈ ಇರುವ ಡಬ್ಬಿಗೇ ಅದನ್ನು ಕಟ್ಟಿದ್ದರೆ ಪ್ರೊಸೆಸರ್‌ನ ಬಿಸಿಯನ್ನೂ ಸೇರಿಸಿ ಅಳೆಯುತ್ತದೆ. ವೈರ್ ಉದ್ದ ಮಾಡಿ ಹುಳುವಿನ ಹಾಸಿಗೆಯ ಎತ್ತರಕ್ಕೆ, ಕಿಟಕಿ ಮತ್ತು ಹೀಟರ್‌ನಿಂದ ದೂರ ಕಟ್ಟಿ. ಪರೀಕ್ಷೆಯೂ ಸುಲಭ. ಸ್ಟೀಲ್ ಕೊಳವೆಯ ಸೆನ್ಸರ್ ಆದರೆ, ಲೋಟದ ತುಂಬ ಪುಡಿ ಐಸ್ ಹಾಕಿ, ಸ್ವಲ್ಪ ನೀರು ಬಿಟ್ಟು ಅದ್ದಿ. ಸೊನ್ನೆಗೆ ಅರ್ಧ ಡಿಗ್ರಿ ಆಚೀಚೆ ಬಂದರೆ ಅದು ಸರಿ ಇದೆ, ಗೋಡೆಯ ಥರ್ಮಾಮೀಟರನ್ನೇ ವಿಚಾರಿಸಿಕೊಳ್ಳಿ.

ನೀವು ಕೇಳದಿದ್ದರೂ ಒಂದು ಮಾತು. ಚಾಕಿ (ಎಳೆಯ) ಹುಳುವಿಗೆ 27ರ ಆಸುಪಾಸು ನಡೆಯುತ್ತದೆ, ಕೊನೆಯ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವಿಗೆ 24–25 ಸಾಕು, ಆಗ ತೇವಾಂಶವೂ ಶೇ. 70ರ ಹತ್ತಿರ ಇರಬೇಕು. ಡಿಎಸ್18ಬಿ20 ತೇವಾಂಶ ಅಳೆಯುವುದಿಲ್ಲ. ಅದಕ್ಕೆ ಡಿಎಚ್‌ಟಿ22 ಥರದ್ದು ಬೇಕು. ಹಾಸಿಗೆಗೆ ಸುಣ್ಣದ ಪುಡಿ ಹಾಕುವಾಗ ಅದನ್ನು ಮುಚ್ಚಿ, ಬ್ಲೀಚಿಂಗ್ ಸಿಂಪಡಿಸುವ ದಿನ ಬಿಚ್ಚಿ ಹೊರಗಿಡಿ.

ಪ್ರಶ್ನೆ: ಕರೆಂಟ್ ಹೋದಾಗ ಡ್ಯಾಶ್‌ಬೋರ್ಡ್‌ನಲ್ಲಿ ಹಳೆಯ ಅಂಕಿಯೇ ನಿಂತಿರುತ್ತದೆ. ಗೊತ್ತಾಗುವುದು ಹೇಗೆ?
– ಅವರೇ

ಉತ್ತರ: ಬಣ್ಣದ ಮುಳ್ಳಿನ ಮೀಟರ್ ನನಗೆ ಹಿಡಿಸದಿರುವುದು ಇದಕ್ಕೇ. ಅದರಲ್ಲಿ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ. ಗೆರೆಯ ಗ್ರಾಫ್ ಇಟ್ಟುಕೊಳ್ಳಿ, ಕೊನೆಯ ಚುಕ್ಕಿಯ ಸಮಯ ನೋಡಿ. ಥಿಂಗ್‌ಸ್ಪೀಕ್‌ನ ‘ರಿಯಾಕ್ಟ್’ ಎಂಬ ಸೌಲಭ್ಯದಲ್ಲಿ ಉಷ್ಣತೆ ಏರಿದಾಗಷ್ಟೇ ಅಲ್ಲ, ಇಷ್ಟು ನಿಮಿಷ ಡೇಟಾ ಬರದಿದ್ದರೂ ಎಚ್ಚರಿಸು ಎಂಬ ಷರತ್ತು ಹಾಕಬಹುದು. ಉಚಿತ ಖಾತೆಗೆ 15 ಸೆಕೆಂಡಿಗೊಮ್ಮೆ ಕಳಿಸಬಹುದು, ನಿಮಗೆ 5 ನಿಮಿಷಕ್ಕೊಮ್ಮೆ ಧಾರಾಳ. ಪೈಗೂ ರೂಟರ್‌ಗೂ ಚಿಕ್ಕ ಯುಪಿಎಸ್ ಕೊಡಿ. ದಿಢೀರ್ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡುವ ಅಪಾಯ ಇದೆ, ಈಗಲೇ ಅದರ ಒಂದು ನಕಲು ತೆಗೆದಿಡಲು ಮಗನಿಗೆ ಹೇಳಿ.