ಕೇಳುಗರ ಕಟ್ಟೆ: ಹಳೇ ಆಂಪ್ಲಿಫೈಯರ್, ಹೊಸ ಮೊಬೈಲ್

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಮನೆಯಲ್ಲಿ ಒಳ್ಳೆಯ ಸ್ಪೀಕರ್ ಇದೆ, ಹಾಡುಗಳೆಲ್ಲ ಮೊಬೈಲ್‌ನಲ್ಲೋ ಲ್ಯಾಪ್‌ಟಾಪ್‌ನಲ್ಲೋ ಇವೆ, ಎರಡನ್ನೂ ಜೋಡಿಸುವುದು ಹೇಗೆ? ಅದಕ್ಕೇ ಈ ತಿಂಗಳ ಕಟ್ಟೆ ಪೂರ್ತಿ ಇದಕ್ಕೇ ಮೀಸಲು.

ನಾನು ನಿವೃತ್ತ ಶಿಕ್ಷಕ. ಮನೆಯಲ್ಲಿ ಮೂವತ್ತು ವರ್ಷ ಹಳೆಯ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಇವೆ. ಮಗ ಒಂದು ಚಿಕ್ಕ ಬ್ಲೂಟೂತ್ ರಿಸೀವರ್ ತಂದು ಹಿಂದೆ ಚುಚ್ಚಿ ಹೋದ. ಹಾಡು ಬರುತ್ತದೆ. ಆದರೆ ಕೊಡದೊಳಗಿಂದ ಬಂದ ಹಾಗೆ ಬರೀ ಗುಂಯ್ ಅನ್ನುತ್ತದೆ, ಸ್ವಲ್ಪ ಜೋರು ಮಾಡಿದರೆ ಕರಕರ. ಬ್ಲೂಟೂತ್ ಅಂದರೆ ಇಷ್ಟೇನಾ?
— ಓದುಗರು, ಆಳಂದ

ಮಾಸ್ತರ್ರೇ, ಬ್ಲೂಟೂತ್‌ಗೆ ಬೈಯುವ ಮೊದಲು ಆಂಪ್ಲಿಫೈಯರ್ ಹಿಂದೆ ಟಾರ್ಚ್ ಬಿಟ್ಟು ನೋಡಿ. ಕೆಂಪು ಬಿಳಿ ಪಿನ್ ಯಾವ ತೂತಿಗೆ ಹೋಗಿದೆ? 'ಫೋನೋ' ಅಂತ ಬರೆದಿದ್ದರೆ ತಪ್ಪು ಅಲ್ಲೇ ಇದೆ. ಹೆಸರು ನೋಡಿ ಫೋನಿಗೇ ಇರಬೇಕು ಅಂದುಕೊಂಡು ಬಹಳ ಜನ ಅಲ್ಲಿಗೇ ಚುಚ್ಚುತ್ತಾರೆ. ಅದು ಹಳೇ ರೆಕಾರ್ಡ್ ಪ್ಲೇಯರ್‌ಗೆ ಇಟ್ಟ ಜಾಗ. ರೆಕಾರ್ಡ್‌ನ ಮುಳ್ಳಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್, ಅದಕ್ಕೆ ಆ ತೂತಿನ ಹಿಂದಿನ ಸರ್ಕ್ಯೂಟ್ ಅದನ್ನು ಸುಮಾರು ನೂರು ಪಟ್ಟು ದೊಡ್ಡದು ಮಾಡುತ್ತದೆ. ಜೊತೆಗೆ, ರೆಕಾರ್ಡ್ ಕೊರೆಯುವಾಗ ದಪ್ಪ ಸ್ವರ ತಗ್ಗಿಸಿ ಸಣ್ಣ ಸ್ವರ ಏರಿಸಿರುತ್ತಾರಲ್ವಾ, ಅದನ್ನು ಸರಿದೂಗಿಸಲು ಇದು ದಪ್ಪ ಸ್ವರ ಏರಿಸಿ ಸಣ್ಣದನ್ನು ತಗ್ಗಿಸುತ್ತದೆ. ನಿಮ್ಮ ರಿಸೀವರ್ ಕೊಡುವುದು ಹತ್ತಿರ ಹತ್ತಿರ ಒಂದು ವೋಲ್ಟ್. ಅದನ್ನು ಅಲ್ಲಿ ಕೊಟ್ಟರೆ ಗುಂಯ್, ಕರಕರ ಎರಡೂ ಬಂದೇ ಬರುತ್ತವೆ. ಪಿನ್ ತೆಗೆದು 'ಆಕ್ಸ್', 'ಸಿಡಿ' ಇಲ್ಲಾ 'ಟೇಪ್ ಇನ್' ತೂತಿಗೆ ಹಾಕಿ. 'ಟೇಪ್ ಔಟ್'ಗೆ ಬೇಡ, ಅಲ್ಲಿಂದ ಸದ್ದು ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ.

ಇಷ್ಟು ಮಾಡಿದ ಮೇಲೆ ಮೊಬೈಲ್ ವಾಲ್ಯೂಮ್ ಪೂರ್ತಿಗೆ ಹತ್ತಿರ ಇಟ್ಟು, ಏರಿಸುವುದು ಇಳಿಸುವುದು ಆಂಪ್ಲಿಫೈಯರ್‌ನಲ್ಲೇ ಮಾಡಿ.

ಇನ್ನು ಬ್ಲೂಟೂತ್ ಮಾತು. ಅದು ಹಾಡನ್ನು ಇದ್ದ ಹಾಗೆ ಕಳಿಸುವುದಿಲ್ಲ, ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಹಾಡು ಹರಿಯುತ್ತದೆ. ಎಲ್ಲ ಬ್ಲೂಟೂತ್ ಸಾಧನಗಳಲ್ಲೂ ಇರುವ ಎಸ್‌ಬಿಸಿ ಎಂಬ ವಿಧಾನದಲ್ಲಿ ಸಾಮಾನ್ಯವಾಗಿ 328ಕ್ಕಿಂತ ಜಾಸ್ತಿ ಹೋಗುವುದಿಲ್ಲ. ಐಫೋನ್ ಎಎಸಿ ಬಳಸುತ್ತದೆ, ಅದು 256ರ ಆಸುಪಾಸು. ಸೋನಿಯ ಎಲ್‌ಡಿಎಸಿ 990ರವರೆಗೆ ಹೋಗುತ್ತದೆ, 2017ರ ಆಂಡ್ರಾಯ್ಡ್ 8ರಿಂದ ಈಚೆಗೆ ಬಹಳ ಫೋನ್‌ಗಳಲ್ಲಿದೆ. ಆದರೆ ರಿಸೀವರ್‌ನಲ್ಲೂ ಅದು ಇರಬೇಕು. ಇಲ್ಲದಿದ್ದರೆ ಎರಡೂ ಕಡೆ ಗೊತ್ತಿರುವ ಹಳೇ ಭಾಷೆಗೇ ಇಳಿಯುತ್ತವೆ. ಬೆಳಗ್ಗೆ ಚಹಾ ಕುಡಿಯುತ್ತ ಕೇಳಲು ಇದು ಧಾರಾಳ ಸಾಕು. ಸಂಜೆ ಬಾಗಿಲು ಹಾಕಿ ಕುಳಿತು ಕೇಳುವುದಿದ್ದರೆ ವೈರ್ ಹಾಕಿ. ಮೊಬೈಲ್‌ನ ಚಾರ್ಜಿಂಗ್ ತೂತಿಗೆ ಹಾಕುವ ಬೆರಳುದ್ದದ ಅಡಾಪ್ಟರ್ ಸಿಗುತ್ತದೆ. ಅದರೊಳಗೆ ಡ್ಯಾಕ್ ಇರಬೇಕು, ಅಂದರೆ ಅಂಕಿಗಳನ್ನು ಮತ್ತೆ ಸದ್ದಿನ ಸಿಗ್ನಲ್ ಮಾಡುವ ಚಿಪ್. ಕೇಳಿ ಖಚಿತ ಮಾಡಿಕೊಂಡೇ ತಗೊಳ್ಳಿ, ಕೆಲವು ಅಗ್ಗದವುಗಳಲ್ಲಿ ಬರೀ ತಂತಿ ಇರುತ್ತದೆ. ಸಾವಿರ ರೂಪಾಯಿ ಆಸುಪಾಸಿನದೇ ನಿಮ್ಮ ಆಂಪ್ಲಿಫೈಯರ್‌ಗೆ ಒಪ್ಪುವಷ್ಟು ಚೆನ್ನಾಗಿರುತ್ತದೆ.

ಟಿವಿಯ ಸದ್ದನ್ನು ಬ್ಲೂಟೂತ್ ಸ್ಪೀಕರ್‌ಗೆ ಕೊಟ್ಟರೆ ತುಟಿ ಮೊದಲು ಅಲ್ಲಾಡುತ್ತದೆ, ಮಾತು ಆಮೇಲೆ ಬರುತ್ತದೆ.
— ಓದುಗರು, ಯಾದಗಿರಿ

ಹಿಂಡುವುದು, ಕಳಿಸುವುದು, ಬಿಚ್ಚುವುದು, ಇಷ್ಟಕ್ಕೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಬಹುದು. ಹಾಡಿಗೆ ತೊಂದರೆ ಇಲ್ಲ, ಸಿನಿಮಾಗೆ ಕಿರಿಕಿರಿ. ಟಿವಿ ಹಿಂದೆ ಆಪ್ಟಿಕಲ್ ತೂತು ಇಲ್ಲಾ 'ಎಆರ್‌ಸಿ' ಅಂತ ಬರೆದ, ಟಿವಿಯ ಸದ್ದನ್ನು ಹೊರಗೆ ಕೊಡುವ ಎಚ್‌ಡಿಎಂಐ ತೂತು ಇದ್ದರೆ ವೈರ್‌ನಲ್ಲೇ ಕೊಡಿ. ಸದ್ದು ಬರದಿದ್ದರೆ ಟಿವಿ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು 'ಪಿಸಿಎಂ', ಅಂದರೆ ಹಿಂಡದ ಸಾದಾ ಸದ್ದು, ಮಾಡಿ.

ಅಣ್ಣಾ, ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. 24 ಬಿಟ್, 192 ಕಿಲೋಹರ್ಟ್ಸ್ ಹಾಡು ಕೇಳಬೇಕು ಅಂತ ದುಡ್ಡು ಕೂಡಿಡುತ್ತಿದ್ದೇನೆ. ಯಾವ ಡ್ಯಾಕ್ ತಗೊಳ್ಳಲಿ?
— ಓದುಗರು, ಕಲಬುರಗಿ

ತಮ್ಮಾ, ಆ ದುಡ್ಡು ಸ್ಪೀಕರ್‌ಗೆ ಇಡು. ಯಾಕೆ ಅಂತ ಹೇಳುತ್ತೇನೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ ಲೆಕ್ಕ 16 ಬಿಟ್, 44.1 ಕಿಲೋಹರ್ಟ್ಸ್. ಸೆಕೆಂಡಿಗೆ 44,100 ಸಲ ಅಳೆದರೆ ಅದರ ಅರ್ಧ, ಅಂದರೆ 22 ಕಿಲೋಹರ್ಟ್ಸ್‌ವರೆಗಿನ ಸ್ವರ ಪೂರ್ತಿ ಹಿಡಿಯಬಹುದು. ಎಳೆಯ ಕಿವಿಗೆ ಕೇಳುವುದು ಹೆಚ್ಚೆಂದರೆ 20. ಇನ್ನು 16 ಬಿಟ್ ಅಂದರೆ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದಕ್ಕೂ ನಡುವೆ ಸುಮಾರು 96 ಡೆಸಿಬಲ್ ಅಂತರ. ಫ್ಯಾನ್ ತಿರುಗುವ ಹಾಸ್ಟೆಲ್ ಕೋಣೆಯಲ್ಲಿ ಅದರ ಅರ್ಧವನ್ನೂ ನೀನು ಬಳಸುವುದಿಲ್ಲ. 24 ಬಿಟ್ ಬೇಕಾಗುವುದು ರೆಕಾರ್ಡ್ ಮಾಡುವವರಿಗೆ. ನೀನು ಹೇಳುವ ಹಾಡಿಗೆ ಸೆಕೆಂಡಿಗೆ 9,216 ಕಿಲೋಬಿಟ್ ಬೇಕು, ಬ್ಲೂಟೂತ್‌ನಲ್ಲಿ ಅದು ಇದ್ದ ಹಾಗೆ ಹೋಗುವುದೂ ಇಲ್ಲ.

ಸಿಡಿ ಗುಣಮಟ್ಟದ ಫ್ಲ್ಯಾಕ್ ಫೈಲ್ ಸಾಕು. ಅದು ಜಿಪ್ ಫೈಲ್ ಇದ್ದ ಹಾಗೆ, ಚಿಕ್ಕದಾಗುತ್ತದೆ ಆದರೆ ಒಂದು ಬಿಟ್ ಕೂಡ ಕಳೆಯುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಎಲ್ಲ ಸದ್ದನ್ನೂ ಒಂದೇ ದರಕ್ಕೆ ಬದಲಾಯಿಸಿ ಬೆರೆಸುತ್ತದೆ, ಅದು ಬೇಡವಾದರೆ ಪ್ಲೇಯರ್‌ನಲ್ಲಿ 'ವಾಸಾಪಿ ಎಕ್ಸ್‌ಕ್ಲೂಸಿವ್' ಎಂಬ ಸೆಟ್ಟಿಂಗ್ ಹಾಕಿಕೋ, ಹಾಡು ಬೆರಕೆಯಾಗದೆ ನೇರ ಹೋಗುತ್ತದೆ. ಫೂಬಾರ್ 2000 ಪ್ಲೇಯರ್‌ಗೆ ಎಬಿಎಕ್ಸ್ ಅಂತ ಒಂದು ಪುಟ್ಟ ಜೋಡಣೆ ಸಿಗುತ್ತದೆ. ಯಾವ ಫೈಲ್ ಅಂತ ಹೇಳದೆ ಕೇಳಿಸಿ, ನೀನು ಗುರುತಿಸುವೆಯಾ ಅಂತ ಲೆಕ್ಕ ಇಡುತ್ತದೆ. ಒಂದೇ ಹಾಡಿನ 320 ಕಿಲೋಬಿಟ್‌ನ ಎಂಪಿ3 ಮತ್ತು ಫ್ಲ್ಯಾಕ್ ಇಟ್ಟು ಇಪ್ಪತ್ತು ಸಲ ಪರೀಕ್ಷೆ ಮಾಡು. ಆಮೇಲೆ ನನಗೆ ಬರೆ.

ಹೊಸ ಮನೆ, ನೆಟ್‌ನಿಂದ ಹಾಡು ನುಡಿಸುವ ಹೊಸ ವೈಫೈ ಸ್ಟ್ರೀಮರ್, ಹೊಸ ಸ್ಪೀಕರ್. ಎಲ್ಲ ಕೂಡಿ ಅರವತ್ತು ಸಾವಿರ ಆಯಿತು. ಆದರೂ ಹಾಡು ಕಿವಿಗೆ ಚುಚ್ಚುತ್ತದೆ, ಅರ್ಧ ಗಂಟೆಗೆ ತಲೆನೋವು. ಕೆಳಗೆ ಒಂದೇ ಸಮ ಧುಂ ಧುಂ ಬೇರೆ. ಅಂಗಡಿಯವರು ಇನ್ನೂ ದುಬಾರಿ ಡ್ಯಾಕ್ ಹಾಕಿ ಅನ್ನುತ್ತಾರೆ. ಕೋಣೆ ಹನ್ನೆರಡು ಅಡಿ ಚೌಕ, ನೆಲ ಶಹಾಬಾದ್ ಫರಸಿ.
— ಓದುಗರು, ಸೇಡಂ

ಅಕ್ಕಾ, ದಯವಿಟ್ಟು ಡ್ಯಾಕ್ ಕೊಳ್ಳಬೇಡಿ. ನಿಮ್ಮ ಪತ್ರದ ಕೊನೆಯ ಸಾಲಲ್ಲೇ ಉತ್ತರ ಇದೆ.

ನಮ್ಮ ಕಡೆಯ ಮನೆಗಳೇ ಹಾಗೆ. ಕೆಳಗೆ ಫರಸಿ, ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ನುಣುಪು ಗೋಡೆ. ಬೇಸಿಗೆಗೆ ತಂಪು, ಒರೆಸಲು ಸುಲಭ, ಆದರೆ ಸದ್ದನ್ನು ಹೀರುವ ವಸ್ತು ಒಂದೂ ಇಲ್ಲ. ಸ್ಪೀಕರ್‌ನಿಂದ ನೇರ ಬಂದ ಸದ್ದಿನ ಬೆನ್ನಿಗೇ, ಕೆಲವೇ ಮಿಲಿಸೆಕೆಂಡ್ ತಡವಾಗಿ ನೆಲದಿಂದ ಒಂದು, ಛತ್ತಿನಿಂದ ಒಂದು, ಗೋಡೆಗಳಿಂದ ಇನ್ನಷ್ಟು ಬಂದು ಕಿವಿಗೆ ಬಡಿಯುತ್ತವೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟಪ್ ಅಂತ ನಿಲ್ಲದೆ ಟರ್ರ್ ಅಂತ ಎಳೆದರೆ ಅದೇ ನಿಮ್ಮ ತಲೆನೋವು.

ನನ್ನದೂ ಇದೇ ಕಥೆ. ಎಂಟು ತಿಂಗಳು ಡಬ್ಬಿ ಬದಲಾಯಿಸಿ ಬದಲಾಯಿಸಿ ಸಾಕಾಗಿತ್ತು. ಒಂದು ದಿನ ಬಿಸಿಲಿಗೆ ಹಾಕಿದ್ದ ಕೌದಿಗಳನ್ನು ಅವ್ವ ಮಡಚದೆ ಆ ಕೋಣೆಯಲ್ಲೇ ಗುಡ್ಡೆ ಹಾಕಿದ್ದರು. ಸಂಜೆ ಹಾಡು ಹಾಕಿದರೆ ತಂಬೂರಿಯ ಸದ್ದು ಬೇರೆ, ಹಾಡುವವರ ಉಸಿರು ಬೇರೆ ಕೇಳಿತು! ಅದೇ ಸ್ಪೀಕರ್, ಅದೇ ಫೈಲ್. ಅವತ್ತಿನಿಂದ ನಾನು ಯಾರಿಗೂ ಮೊದಲು ಡಬ್ಬಿ ಕೊಳ್ಳಿ ಅಂತ ಹೇಳಿಲ್ಲ.

ನೀವೂ ಹಾಗೇ ಮಾಡಿ. ಸ್ಪೀಕರ್‌ಗೂ ನಿಮಗೂ ನಡುವೆ ದಪ್ಪ ಜಮಖಾನೆ ಹಾಸಿ. ಪಕ್ಕದ ಗೋಡೆಗೆ ಒಬ್ಬರು ಕನ್ನಡಿ ಹಿಡಿದು ಸರಿಸುತ್ತ ಹೋಗಲಿ, ನೀವು ಕುಳಿತ ಜಾಗದಿಂದ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ ಒಂದು ಕೌದಿ ತೂಗು ಹಾಕಿ. ಹಳೇ ಸೀರೆಗಳ ಏಳೆಂಟು ಪದರ ಇರುವ ಕೌದಿ, ತೆಳು ಪರದೆಗಿಂತ ಎಷ್ಟೋ ವಾಸಿ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ಹಾಕಿದರೆ ಇನ್ನೂ ಒಳ್ಳೆಯದು. ಎದುರಿನ ಮರದ ಕಪಾಟಿನ ತುಂಬ ಪುಸ್ತಕ ಇದ್ದರೆ ಅದೂ ಕೆಲಸಕ್ಕೆ ಬರುತ್ತದೆ.

ಆ ಧುಂ ಧುಂ ಮಾತ್ರ ಕೌದಿಗೆ ಬಗ್ಗುವುದಿಲ್ಲ. ಹನ್ನೆರಡು ಅಡಿಯ ಎರಡು ಗೋಡೆಗಳ ನಡುವೆ 47 ಹರ್ಟ್ಸ್ ಆಸುಪಾಸಿನ ಸ್ವರ ನಿಂತು ಮೊಳಗುತ್ತದೆ. ನಿಮ್ಮದು ಚೌಕ ಕೋಣೆಯಾದ್ದರಿಂದ ಉದ್ದದ್ದೂ ಅಗಲದ್ದೂ ಒಂದೇ ಸ್ವರಕ್ಕೆ ಕೂಡಿಕೊಂಡು ಜಾಸ್ತಿಯಾಗುತ್ತದೆ. ಸ್ಪೀಕರ್‌ಗಳನ್ನು ಮೂಲೆಯಿಂದ ಎರಡಡಿ ಈಚೆ ತನ್ನಿ. ನಿಮ್ಮ ಕುರ್ಚಿ ಗೋಡೆಗೆ ಒರಗಿರಬಾರದು. ಅಷ್ಟಾದ ಮೇಲೆ ಸ್ಟ್ರೀಮರ್‌ನ ಆಪ್‌ನಲ್ಲಿ ಒಂದೊಂದೇ ಸ್ವರ ಏರಿಸಿ ಇಳಿಸುವ ಈಕ್ವಲೈಜರ್ ಇದ್ದರೆ ಆ 47ರ ಹತ್ತಿರ ನಾಲ್ಕೈದು ಡೆಸಿಬಲ್ ತಗ್ಗಿಸಿ. ಕಂಪ್ಯೂಟರ್ ಕಾಲದ ನಿಜವಾದ ಉಪಕಾರ ಅಂದರೆ ಇದು. ಮೊದಲಾದರೆ ಇಂಥ ಒಂದು ಸ್ವರ ಹುಡುಕಿ ತಗ್ಗಿಸಲು ಸ್ಟುಡಿಯೋದವರ ಯಂತ್ರ ಬೇಕಿತ್ತು.

ನಮ್ಮದು ಹಳೇ ಊರೊಳಗಿನ ಮನೆ, ಜಂಬಿಟ್ಟಿಗೆ ಕಲ್ಲಿನ ಎರಡಡಿ ದಪ್ಪ ಗೋಡೆ. ರೌಟರ್ ಪಡಸಾಲೆಯಲ್ಲಿದೆ, ವೈಫೈ ಸ್ಪೀಕರ್ ಒಳಕೋಣೆಯಲ್ಲಿ. ಹಾಡು ಕಡಿಕಡಿದು ಬರುತ್ತದೆ. ನೆಟ್ 100 ಎಂಬಿ ಪ್ಲಾನ್ ಇದೆ.
— ಓದುಗರು, ಬೀದರ್

ಪ್ಲಾನ್ ದೊಡ್ಡದು ಮಾಡಿ ಉಪಯೋಗ ಇಲ್ಲ ಸರ್, ಸಿಡಿ ಗುಣಮಟ್ಟದ ಹಾಡಿಗೆ ಒಂದೂವರೆ ಎಂಬಿ ವೇಗ ಸಾಕು. ಕಷ್ಟ ಕೊಡುತ್ತಿರುವುದು ಗೋಡೆ. ರೌಟರ್‌ನ 5 ಗಿಗಾಹರ್ಟ್ಸ್ ವೇಗವಾಗಿದ್ದರೂ ದಪ್ಪ ಕಲ್ಲು ದಾಟಲಾರದು. 2.4 ಸ್ವಲ್ಪ ದೂರ ಹೋಗುತ್ತದೆ, ಆದರೆ ಅಲ್ಲಿ ಬ್ಲೂಟೂತ್, ಮೈಕ್ರೋವೇವ್ ಒಲೆ, ಅಕ್ಕಪಕ್ಕದ ರೌಟರ್ ಎಲ್ಲ ಸೇರಿ ಸಂತೆ. ಚಾನೆಲ್ 1, 6, 11ರಲ್ಲಿ ಯಾವುದು ಖಾಲಿ ಇದೆಯೋ ಅದಕ್ಕೆ ಹಾಕಿ ನೋಡಿ. ನಿಲ್ಲದಿದ್ದರೆ ಒಂದು ಲ್ಯಾನ್ ವೈರ್ ಎಳೆಸಿಬಿಡಿ, ಬಾಗಿಲ ಚೌಕಟ್ಟಿನ ಮೇಲಿಂದ ತಂದರೆ ಗೋಡೆ ಕೊರೆಯಬೇಕಿಲ್ಲ. ನೂರು ಮೀಟರ್‌ವರೆಗೆ ಅದಕ್ಕೆ ಏನೂ ಆಗುವುದಿಲ್ಲ. ಸ್ಪೀಕರ್‌ಗೇ ಲ್ಯಾನ್ ತೂತು ಇದ್ದರೆ ನೇರ ಹಾಕಿ, ಇಲ್ಲದಿದ್ದರೆ ಒಳಕೋಣೆಯಲ್ಲಿ ಇನ್ನೊಂದು ಚಿಕ್ಕ ರೌಟರ್ ಇಡಿ.

ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ತಕ್ಷಣ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು. ತೆಗೆದರೆ ಇಲ್ಲ.
— ಓದುಗರು, ಶಹಾಪುರ

ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್ ಅದು. ಲ್ಯಾಪ್‌ಟಾಪ್‌ಗೂ ಆಂಪ್ಲಿಫೈಯರ್‌ಗೂ ಎರಡು ದಾರಿಯಲ್ಲಿ ಅರ್ಥಿಂಗ್ ಸಿಕ್ಕಿ ಒಂದು ಸುತ್ತು ಆಗಿದೆ. ಮೊದಲು ಎರಡನ್ನೂ ಒಂದೇ ಬೋರ್ಡ್‌ಗೆ ಹಾಕಿ ನೋಡಿ. ಹೋಗದಿದ್ದರೆ ಆಪ್ಟಿಕಲ್ ಕೇಬಲ್ ಬಳಸಿ, ಅದರಲ್ಲಿ ಹೋಗುವುದು ಬೆಳಕು, ಕರೆಂಟಲ್ಲ. ಅದಕ್ಕೆ ಎರಡೂ ಕಡೆ ಜಾಗ ಇಲ್ಲದಿದ್ದರೆ ಗ್ರೌಂಡ್ ಲೂಪ್ ಐಸೋಲೇಟರ್ ಎಂಬ ಚಿಕ್ಕ ಡಬ್ಬಿ ನಡುವೆ ಹಾಕಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಯಾರಾದರೂ ಮೂರನೇ ಪಿನ್ ಮುರಿದುಹಾಕಿ ಅಂದರೆ ಕೇಳಬೇಡಿ. ಗುಂಯ್ ಹೋಗಬಹುದು, ಆದರೆ ಆಂಪ್ಲಿಫೈಯರ್‌ನಲ್ಲಿ ಏನಾದರೂ ಕೆಟ್ಟ ದಿನ ಅದರ ಲೋಹದ ಮೈ ಮುಟ್ಟಿದವರ ಜೀವಕ್ಕೇ ಅಪಾಯ. ಇದೇ ಸದ್ದು ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನದು, ಸೈನ್ ವೇವ್‌ನಲ್ಲಿ ಬರುವುದಿಲ್ಲ.

ನಮ್ಮ ಅಜ್ಜ ತತ್ವಪದ ಹಾಡುತ್ತಿದ್ದರು. ಹದಿನಾಲ್ಕು ಕ್ಯಾಸೆಟ್ ಇವೆ. ಕಂಪ್ಯೂಟರ್‌ಗೆ ಹಾಕಿ ಮನೆಯವರೆಲ್ಲ ವೈಫೈ ಸ್ಪೀಕರ್‌ನಲ್ಲಿ ಕೇಳಬೇಕು. ಹೇಗೆ?
— ಓದುಗರು, ಜೇವರ್ಗಿ

ಈ ತಿಂಗಳು ಬಂದದ್ದರಲ್ಲಿ ನನಗೆ ಬಹಳ ಹಿಡಿಸಿದ ಪತ್ರ ಇದು. ತಡ ಮಾಡಬೇಡಿ, ತಗಡಿನ ಕೆಳಗೆ ಅಟ್ಟದ ಮೇಲೆ ಇದ್ದರೆ ಇವತ್ತೇ ಕೆಳಗಿಳಿಸಿ, ನಮ್ಮ ಬೇಸಿಗೆಯ ಕಾವು ಟೇಪಿಗೆ ಒಳ್ಳೆಯದಲ್ಲ.

ಸುಸ್ಥಿತಿಯ ಕ್ಯಾಸೆಟ್ ಡೆಕ್ ಒಂದನ್ನು ಹುಡುಕಿ. ಅದರ ಹೆಡ್ಡನ್ನು, ಅಂದರೆ ಟೇಪ್ ಉಜ್ಜಿ ಹೋಗುವ ಲೋಹದ ತುಂಡನ್ನು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವವರೆಗೆ. ಹೆಡ್ ಪಕ್ಕದಲ್ಲಿ ಚಿಕ್ಕ ಸ್ಕ್ರೂಗಳಿರುತ್ತವೆ, ಅವುಗಳಲ್ಲಿ ಒಂದಕ್ಕೆ ಕೆಳಗೆ ಸ್ಪ್ರಿಂಗ್ ಇರುತ್ತದೆ, ಅದನ್ನು ಗುರುತಿಸಿಕೊಳ್ಳಿ. ಬೇರೆ ಮಶೀನಿನಲ್ಲಿ ರೆಕಾರ್ಡ್ ಆದ ಟೇಪಿಗೂ ಈ ಹೆಡ್ಡಿಗೂ ಓರೆ ಹೊಂದದಿದ್ದರೆ ಸದ್ದು ಮಬ್ಬಾಗುತ್ತದೆ. ಹಾಡು ಓಡುತ್ತಿರುವಾಗಲೇ ಆ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ, ಕಿವಿ ತಾಳದ ಮೇಲೇ ಇರಲಿ. ನಮ್ಮ ಮನೆಯ ಭಜನೆಯ ಕ್ಯಾಸೆಟ್‌ನಲ್ಲಿ ಹೀಗೆ ತಿರುಗಿಸುತ್ತಿದ್ದಾಗ, ಕಂಬಳಿಯೊಳಗೆ ಬಡಿದಂತಿದ್ದ ತಾಳ ಒಮ್ಮೆಲೇ ಠಣ್ ಅಂತ ಎದುರಿಗೆ ಬಂತು, ಹಿಂದೆ ಏಕತಾರಿ ಇದೆ ಅಂತ ನಮಗೆ ಗೊತ್ತಾದದ್ದೇ ಆವಾಗ.

ಡೆಕ್‌ನ ಲೈನ್ ಔಟ್‌ನಿಂದ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಸೌಂಡ್ ಕಾರ್ಡ್ ಮೂಲಕ ಕೊಡಿ. ಮೈಕ್ ತೂತಿಗೆ ಬೇಡ, ಸದ್ದು ಒಡೆಯುತ್ತದೆ. ಸಾಫ್ಟ್‌ವೇರ್ ಅಡಾಸಿಟಿ, ಉಚಿತ. ಇಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಇಡಿ. ಮೇಲೆ ಆ ತಮ್ಮನಿಗೆ ಬೇಡ ಅಂದೆ, ಆದರೆ ನೀವು ರೆಕಾರ್ಡ್ ಮಾಡುವವರು, ಅಜ್ಜ ಯಾವ ಸಾಲಿನಲ್ಲಿ ದನಿ ಏರಿಸುತ್ತಾರೋ ಗೊತ್ತಿಲ್ಲ, ಜಾಗ ಬಿಟ್ಟುಕೊಂಡಿರಬೇಕು. ಅತಿ ಜೋರಿನ ಕಡೆಯೂ ಅಡಾಸಿಟಿಯ ಸದ್ದಿನ ಮೀಟರ್ ಮೈನಸ್ 6 ಡೆಸಿಬಲ್ ದಾಟದಿರಲಿ. 90 ನಿಮಿಷದ ಒಂದು ಕ್ಯಾಸೆಟ್ ಸುಮಾರು ಒಂದೂವರೆ ಜಿಬಿ ಆಗುತ್ತದೆ, ಫ್ಲ್ಯಾಕ್ ಮಾಡಿದರೆ ಇನ್ನೂ ಕಮ್ಮಿ. ಟೇಪಿನ ಸುಯ್ ಸದ್ದು ತೆಗೆಯುವ ಆಸೆ ಆಗುತ್ತದೆ. ಅದನ್ನು ಒಂದು ಪ್ರತಿಯ ಮೇಲೆ ಮಾತ್ರ ಮಾಡಿ, ಮೂಲ ಫೈಲ್ ಮುಟ್ಟಬೇಡಿ. ಜಾಸ್ತಿ ತೆಗೆದರೆ ಸುಯ್ ಜೊತೆ ಅಜ್ಜನ ಉಸಿರೂ ಹೋಗುತ್ತದೆ.

ಎರಡು ಬೇರೆ ಡಿಸ್ಕ್‌ನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಮನೆಯವರಿಗೆ ಕೇಳಿಸಲು ರೌಟರ್‌ನ ಯುಎಸ್‌ಬಿ ತೂತಿಗೆ ಒಂದು ಪೆನ್‌ಡ್ರೈವ್ ಹಾಕಿ ಮೀಡಿಯಾ ಸರ್ವರ್ ಆನ್ ಮಾಡಿದರೆ ಡಿಎಲ್‌ಎನ್‌ಎ, ಅಂದರೆ ಮನೆಯ ನೆಟ್‌ವರ್ಕ್‌ನಿಂದ ಹಾಡು ತೆಗೆದುಕೊಳ್ಳುವ ಸೌಲಭ್ಯ, ಇರುವ ಸ್ಪೀಕರ್‌ಗಳಲ್ಲಿ ಹಾಡು ಸಿಗುತ್ತದೆ. ಫೈಲ್ ಹೆಸರಿನಲ್ಲಿ ಪದದ ಮೊದಲ ಸಾಲು, ಊರು, ವರ್ಷ ಬರೆಯಿರಿ. ಕ್ಯಾಸೆಟ್ ಡಬ್ಬಿಯ ಕಾಗದದ ಮೇಲೆ ಅಜ್ಜನ ಕೈಬರಹ ಇದ್ದರೆ ಅದರ ಫೋಟೋ ತೆಗೆದು ಅದೇ ಫೋಲ್ಡರ್‌ನಲ್ಲಿ ಹಾಕಿ. ಹಿಂದೆ ಕೂಡಿ ಹಾಡುವವರು ಯಾರ್ಯಾರು ಅಂತ ಗೊತ್ತಿರುವ ಹಿರಿಯರು ಊರಲ್ಲಿ ಇದ್ದರೆ, ಮೊದಲ ಕ್ಯಾಸೆಟ್ ಮುಗಿದ ದಿನವೇ ಅವರ ಮುಂದೆ ಹಾಕಿ ಕೇಳಿಸಿ, ಹೆಸರು ಬರೆದುಕೊಳ್ಳಿ.